ಕಾಗದ ಸಿಕ್ಕಿಕೊಂಡಾಗ ಕೇಳುವ ದನಿ

ಅವಳನ್ನು ಮನೆಯಲ್ಲಿ ಗಾಬರಿ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟದ್ದು ಅಪ್ಪ. ಚಿಕ್ಕವಳಿದ್ದಾಗ ಹಾಸಿಗೆಯಿಂದ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡಿ ಬರುವಳು. ಬಂದು ಹೊದ್ದುಕೊಂಡ ಮೇಲೆ, ಮುಟ್ಟಿದ್ದು ಚಿಲಕವನ್ನೇ ಹೌದೋ ಅಲ್ಲವೋ ಅಂತ ಮತ್ತೆ ಏಳುವಳು. “ಇವಳು ಹುಟ್ಟೋಕೆ ಮುಂಚೆ ಒಂದ್ಸಲ ಇಣುಕಿ ನೋಡಿ, ಒಳಗೆ ಏನಾದ್ರೂ ಮರೆತೆನಾ ಅಂತ ವಾಪಸ್ ಹೋಗಿ, ಆಮೇಲೆ ಬಂದೋಳು,” ಅಂತ ಅಪ್ಪ ನೆಂಟರೆದುರು ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ನಗುತ್ತಲೇ, ನಿಜವಾಗಿ ಏನಾದರೂ ಮರೆತು ಬಂದಿದ್ದರೆ ಅಂತ ಯೋಚನೆಗೆ ಬೀಳುತ್ತಿದ್ದಳು.

ದನಿ ಮಾತ್ರ ಈ ಸ್ವಭಾವಕ್ಕೂ ತನಗೂ ಸಂಬಂಧವೇ ಇಲ್ಲ ಅನ್ನುವಂಥದ್ದು. ಎದೆ ಡವಡವ ಹೊಡೆದುಕೊಳ್ಳುತ್ತಿದ್ದರೂ ಗಂಟಲಿನಿಂದ ಹೊರಗೆ ಬರುವಷ್ಟರಲ್ಲಿ ಮಾತು ತಣ್ಣಗಾಗಿ, ಸಂಜೆಯ ನೆರಳಿನ ಹಾಗೆ ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು. ಓದು ಮುಗಿದ ಮೇಲೆ ರೈಲು ನಿಲ್ದಾಣದಲ್ಲಿ, ಬರುವ ಹೋಗುವ ಗಾಡಿಗಳ ಸುದ್ದಿ ಹೇಳುವ ಕೆಲಸ ಸಿಕ್ಕಿತು. ಗಾಜಿನ ಗೂಡಿನಂಥ ಕೋಣೆ, ಒಂದು ಮೈಕು, ಒಂದು ಚಕ್ರ ಸದಾ ಮುನಿಸಿಕೊಂಡಿರುವ ಕುರ್ಚಿ. ಗಾಡಿ ತಡ ಅನ್ನುವ ಮಾತನ್ನು ಅವಳು ಹೇಳಿದರೆ ಜನ ಬೈಯುವುದು ಕಡಿಮೆ ಅಂತ ಸ್ಟೇಷನ್ ಮಾಸ್ಟರು ಬೇಗ ಕಂಡುಕೊಂಡರು. ತಡವಾದ ಗಾಡಿಗಳನ್ನೆಲ್ಲ ಬೇಕಂತಲೇ ಅವಳ ಪಾಳಿಗೆ ತಳ್ಳುತ್ತಾರೆ ಅಂತ ಜೊತೆಯವರು ಹಾಸ್ಯ ಮಾಡುತ್ತಿದ್ದರು. ನಿಲ್ದಾಣದ ಲಿಫ್ಟು ಕೆಟ್ಟಾಗ “ಲಿಫ್ಟ್ ಕೆಟ್ಟಿದೆ, ದಯವಿಟ್ಟು ಮೆಟ್ಟಿಲು ಬಳಸಿ” ಅಂತ ಅವಳು ಹೇಳುವುದನ್ನು ಕೇಳುತ್ತ ಕೂರಬಹುದು ಅಂತಲೇ ರಿಪೇರಿ ನಿಧಾನ ಮಾಡಿದ ಮೆಕ್ಯಾನಿಕ್ಕು ಕೊನೆಗೆ ಅವಳ ಗಂಡನಾದ.

ಇನ್ನೊಬ್ಬ ಮನುಷ್ಯನೂ ಆ ನಿಲ್ದಾಣದಲ್ಲಿ ಅವಳ ದನಿಗೆ ಬಿದ್ದ. ಅವನಿಗೆ ವಯಸ್ಸಾಗಿತ್ತು, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಮಾಡುವ ಕಂಪನಿಯೊಂದರಲ್ಲಿ ದನಿಮುದ್ರಣ ಮಾಡಿ, ಬೇಡದ್ದನ್ನು ಕತ್ತರಿಸಿ ತೆಗೆಯುವ ಕೆಲಸ. ತನ್ನ ಗಾಡಿ ಮತ್ತೆ ಮತ್ತೆ ತಡವಾಗುತ್ತಿದ್ದರೂ ಒಂದಿಷ್ಟೂ ಸಿಟ್ಟು ಬರದ್ದನ್ನು ಕಂಡು ಅವನಿಗೇ ಆಶ್ಚರ್ಯವಾಗಿ, ಗಾಜಿನ ಗೂಡಿನ ಬಾಗಿಲು ತಟ್ಟಿದ. ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಕಣ್ಣು ಮಂದವಾದವರಿಗಾಗಿ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ದನಿ ಇರಲಿದೆ, ಆ ದನಿ ನಿನ್ನದಾಗಬೇಕು ಅಂದ. ಅವಳು ಅವನನ್ನು ಕತ್ತರಿಯಣ್ಣ ಅಂತ ಕರೆದಳು. ಅವನು ಅವಳನ್ನು ತಂಗಿ ಅಂದ. ಆಗ ಅವಳು ಬಸುರಿ. ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ.

ದನಿಮುದ್ರಣದ ಕೋಣೆಗೆ ಕಿಟಕಿ ಇರಲಿಲ್ಲ, ಕತ್ತರಿಯಣ್ಣ ಕೂರುವ ಕಡೆಗೆ ಮಾತ್ರ ಒಂದು ಗಾಜು. ಗೋಡೆಗಳಿಗೆಲ್ಲ ದಪ್ಪ ಬಟ್ಟೆ. ಅಲ್ಲಿ ಆಡಿದ ಮಾತು ಗೋಡೆಗೆ ಬಡಿದು ಹಿಂದೆ ಬರುತ್ತಿರಲಿಲ್ಲ. ಬಟ್ಟೆಯೊಳಗೆ ಹೋಗಿ ಮಲಗಿಬಿಡುತ್ತಿತ್ತು. ಮೊದಲ ದಿನ ಅವಳಿಗೆ ತಾನು ನೀರಿನ ಅಡಿಯಲ್ಲಿ ಕೂತಿದ್ದೇನೆ ಅನಿಸಿತು. ಒಂದೊಂದು ವಾಕ್ಯವನ್ನೂ ಒಂದೊಂದು ತುಂಡಾಗಿ ಹೇಳಬೇಕು. ಫೈಲ್ ಅಳಿಸಲಾಗಿದೆ. ಕಿಟಕಿ ಮುಚ್ಚಲಾಗಿದೆ. ಹಿಂದೆ ಹೋಗಲು ಇಲ್ಲಿ ಒತ್ತಿ. ಸರಿ ಬಾರದಿದ್ದರೆ ಮತ್ತೆ ಹೇಳಬೇಕು, ಮತ್ತೆ. ಒಂದು ತುಂಡಿನಲ್ಲಿ ಎಷ್ಟು ಸಲ ಹೇಳಿದರೂ ಕೊನೆಯ ಸಲ ಹೇಳಿದ್ದನ್ನೇ ಇಟ್ಟುಕೊಳ್ಳುವುದು ಆ ಕೋಣೆಯ ರೂಢಿ. ಸರಿಯಾಗಿ ಬಂದ ಮೇಲೆ ತಾನೇ ನಿಲ್ಲಿಸೋದು, ಹಾಗಾಗಿ ಕೊನೆಯದೇ ಸರಿಯಾದದ್ದು ಅನ್ನುವುದು ಕತ್ತರಿಯಣ್ಣನ ಲೆಕ್ಕ. ಈ ಲೆಕ್ಕ ಅದುವರೆಗೆ ತಪ್ಪಿರಲಿಲ್ಲ.

ಹೊಟ್ಟೆ ಕಾಣತೊಡಗಿತು. ಮೈಕಿನ ಕಂಬವನ್ನು ದಿನದಿನಕ್ಕೆ ಹಿಂದೆ ಸರಿಸಬೇಕಾಯಿತು. ಹೊರಗೆಲ್ಲ ಅವಳಿಗೆ ನೂರು ಚಿಂತೆ: ಮೆಟ್ಟಿಲು ಹತ್ತಿದ್ದು ಜಾಸ್ತಿಯಾಯಿತೇ, ನೀರು ಕುಡಿದದ್ದು ಕಡಿಮೆಯಾಯಿತೇ, ಮಗು ಬೆಳಗ್ಗೆಯಿಂದ ಒದೆಯಲೇ ಇಲ್ಲವಲ್ಲ, ಈಗ ಒದ್ದದ್ದು ಒದೆಯೋ ಬಿಕ್ಕಳಿಕೆಯೋ. ಆ ಬಟ್ಟೆಗೋಡೆಯ ಕೋಣೆಯಲ್ಲಿ ಕೂತರೆ ಮಾತ್ರ ಚಿಂತೆಗಳೆಲ್ಲ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಉಳಿದುಬಿಡುತ್ತಿದ್ದವು. ಒಳಗೆ ಇಬ್ಬರೇ: ಅವಳು, ಮತ್ತೆ ಅವಳೊಳಗೆ ಮಲಗಿ ಕೇಳಿಸಿಕೊಳ್ಳುತ್ತಿದ್ದ ಇನ್ನೊಬ್ಬಳು. ಗಾಜಿನಾಚೆ ಇದ್ದ ಕತ್ತರಿಯಣ್ಣನನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಒಂದು ದಿನದ ವಾಕ್ಯ ಹೀಗಿತ್ತು: ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ಮೆಲ್ಲಗೆ ಎಳೆದು ತೆಗೆಯಿರಿ. ಅವಳು ಹೇಳಿದಳು, ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಒಳಗಿನವಳು ಒದ್ದಳು. ಪಕ್ಕೆಯ ಕೆಳಗೆ, ಒಳಗಿನಿಂದ ಬಾಗಿಲು ಬಡಿದ ಹಾಗೆ. ಕೈ ತಾನಾಗಿ ಹೊಟ್ಟೆಗೆ ಹೋಯಿತು, ಬಾಯಿ ತಾನಾಗಿ ತೆರೆಯಿತು. ಅದೇ ದನಿಯಲ್ಲಿ, ಅದಕ್ಕಿಂತ ಮೆತ್ತಗೆ, “ತಡಿ ಮರಿ, ಬಂದುಬಿಟ್ಟೆ” ಅಂದಳು. ಬರಬೇಕಾದವಳು ಯಾರು, ತಡೆಯಬೇಕಾದವಳು ಯಾರು ಅಂತ ಯೋಚಿಸಿ ಆಡಿದ ಮಾತಲ್ಲ. ಗಾಜಿನಾಚೆ ಕತ್ತರಿಯಣ್ಣ ನಕ್ಕ. ಅವಳೂ ನಾಚಿ ನಕ್ಕಳು. ಬೆನ್ನು ನೋಯುತ್ತಿದೆ ಅಂತ ಎದ್ದು ಓಡಾಡಿ ಬಂದಳು. ಬಂದು ಕೂತಾಗ ಇಬ್ಬರೂ ಮುಂದಿನ ವಾಕ್ಯಕ್ಕೆ ಹೋದರು.

ಕೆಲಸವೆಲ್ಲ ಮುಗಿದ ದಿನ ಕಂಪನಿಯಲ್ಲಿ ಸಣ್ಣ ಕೂಟ. ಆಪರೇಟಿಂಗ್ ಸಿಸ್ಟಮ್ಮಿನ ಒಂದು ಮೂಲ ಪ್ರತಿಯನ್ನು ಡಿಸ್ಕ್ ಅಚ್ಚು ಹಾಕುವ ಕಾರ್ಖಾನೆಗೆ ಕಳಿಸುವ ದಿನ ಅದು. ಇನ್ನು ಅದಕ್ಕೆ ಯಾರೂ ಕೈ ಹಚ್ಚುವ ಹಾಗಿಲ್ಲ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಡಿಸ್ಕುಗಳು ಅಚ್ಚಾಗಿ, ಬಣ್ಣದ ಪೆಟ್ಟಿಗೆಗಳಲ್ಲಿ ಕೂತು ಅಂಗಡಿಗೆ ಬರಲು ಕೆಲವು ತಿಂಗಳು. ದುಡಿದವರಿಗೆಲ್ಲ ಆವತ್ತೇ ಒಂದೊಂದು ಡಿಸ್ಕು ಕೊಟ್ಟರು: ಚಿತ್ರವಿಲ್ಲ, ಪೆಟ್ಟಿಗೆಯಿಲ್ಲ, ಬರೀ ಬಿಳಿ ಕಾಗದದ ಲಕೋಟೆ. ಅದನ್ನು ಅವರು ಕಾರ್ಖಾನೆ ಪ್ರತಿ ಅನ್ನುತ್ತಿದ್ದರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದು ಸೀರೆಗಳ ನಡುವೆ ಇಟ್ಟಳು. ಆಮೇಲೆ ಹೆರಿಗೆ, ಹೆಣ್ಣುಮಗು, ಹಾಲು, ಬಟ್ಟೆ, ಅಳು. ಹಗಲು ರಾತ್ರಿಗಳು ಒಂದರ ಮೇಲೊಂದು ಒದ್ದೆ ಕಾಗದದ ಹಾಗೆ ಅಂಟಿಕೊಂಡವು.

ಒಂದು ಮಧ್ಯಾಹ್ನ ಗಂಡ, ತಾನು ಲಿಫ್ಟು ನೋಡಿಕೊಳ್ಳುವ ಕಟ್ಟಡದವರು ಎಸೆಯಹೊರಟಿದ್ದ ಕಂಪ್ಯೂಟರನ್ನೂ ಪ್ರಿಂಟರನ್ನೂ ಹೊತ್ತು ತಂದ.

“ಇದು ಯಾವ ಕಾಲದ್ದೋ?” ಅಂತ ಅತ್ತೆ ಹೊಲಿಗೆ ಯಂತ್ರದಿಂದ ತಲೆಯೆತ್ತಿ ಕೇಳಿದರು. ಅವರು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಬಾಯಲ್ಲಿ ಗುಂಡುಸೂಜಿ ಇದ್ದರೂ ಮಾತಿಗೆ ತಡೆಯಿರಲಿಲ್ಲ.

“ಹಳೇದೇ ಅಮ್ಮ, ಆದ್ರೆ ಗಟ್ಟಿ.”

“ನಿಮ್ಮಪ್ಪನ್ನೂ ನಂಗೆ ಹಂಗೇ ಹೇಳಿ ಕಟ್ಟಿದ್ದು.”

ಗಂಡ ಬಿಳಿ ಲಕೋಟೆಯ ಡಿಸ್ಕನ್ನು ಹಾಕಿದ. ಬಹಳ ಹೊತ್ತು ಕರಕರ ಅಂದು ಕಂಪ್ಯೂಟರು ಕಣ್ಣುಬಿಟ್ಟಿತು. ಆಮೇಲೆ ಅದು ಮಾತಾಡಿತು. ತೊಟ್ಟಿಲಲ್ಲಿ ಗೊಣಗುತ್ತಿದ್ದ ಮಗು ಸುಮ್ಮನಾಗಿ ತಲೆ ತಿರುಗಿಸಿತು. ಅಮ್ಮನ ಕಡೆಗಲ್ಲ, ಕಂಪ್ಯೂಟರಿನ ಕಡೆಗೆ. ಗಾಬರಿ ತೊಟ್ಟಿಲ ಹಗ್ಗ ಹಿಡಿದು ನಿಂತಳು. ತನ್ನದೇ ದನಿ, ಆದರೆ ತಾನಲ್ಲ. ಆ ದನಿಯ ಹೆಂಗಸು ಇನ್ನೂ ಬಸುರಿ. ಅವಳು ಇನ್ನೂ ನಿದ್ದೆಗೆಟ್ಟಿಲ್ಲ.

ಪ್ರಿಂಟರಿಗೆ ಕಾಗದ ಹಾಕಿದರು. ಅರ್ಧಕ್ಕೆ ಹೋಗಿ ಕಾಗದ ಕಚ್ಚಿ ನಿಂತಿತು. ಕಂಪ್ಯೂಟರು ಹೇಳಿತು: “ತಡಿ ಮರಿ, ಬಂದುಬಿಟ್ಟೆ.”

ಗಂಡ ಕುರ್ಚಿಯಿಂದ ಬೀಳುವಷ್ಟು ನಕ್ಕ. “ಲೇ, ಇದೇನೇ! ನಂಗೆ ಯಾವತ್ತಾದ್ರೂ ಹಿಂಗೆ ಹೇಳಿದ್ದೀಯಾ?”

ಅವಳು ನಗಲಿಲ್ಲ. ನಿಂತಲ್ಲೇ ಕೂತಳು.

“ಇದು ಪೆಟ್ಟಿಗೇಲೂ ಇರುತ್ತಾ?” ಅಂತ ಕೇಳಿದಳು. “ಅಂಗಡಿಗೆ ಬರೋದ್ರಲ್ಲಿ? ಅದೂ ಇದೂ ಒಂದೇನಾ? ಇಷ್ಟು ತಿಂಗಳಲ್ಲಿ ಯಾರಾದ್ರೂ ಸರಿ ಮಾಡಿರ್ತಾರೆ, ಅಲ್ವಾ? ಮಾಡಿರಲ್ವಾ?”

“ಇದ್ರೆ ಏನಾಯ್ತೀಗ? ಕೇಳಿದೋರು ನಕ್ಕೊಂಡು ಹೋಗ್ತಾರೆ.”

“ಕೆಲಸ ಹೋಗುತ್ತೆ ಅಂತ ಅಲ್ಲ ರೀ. ಅದು ಅವಳಿಗೆ ಹೇಳಿದ್ದು.” ತೊಟ್ಟಿಲ ಕಡೆ ಕೈ ತೋರಿಸಿದಳು. “ಅವಳಿಗೆ ಅಂತ ನಾನು ಆಡಿದ ಮೊದಲನೇ ಮಾತು. ಊರಿಗೆಲ್ಲ ಹಂಚಿಬಿಟ್ರೆ ಮನೆಗೇನು ಉಳೀತು?”

ಗಂಡನಿಗೆ ನಗು ಅರ್ಧಕ್ಕೇ ನಿಂತಿತು. ಅತ್ತೆ ಬಾಯಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. “ಹೋಗಿ ಆ ಕತ್ತರಿಯವನನ್ನ ಕೇಳು,” ಅಂದರು. “ನಮ್ಮನ್ನ ಕೇಳಿದ್ರೆ ನಾವೇನು ಡಿಸ್ಕು ಹೊಲೀತೀವಾ?”

ಕತ್ತರಿಯಣ್ಣ ಫೋನಿನಲ್ಲಿ ಮೊದಲು ನಂಬಲಿಲ್ಲ. ತನ್ನ ಮೇಜಿನ ಯಂತ್ರದಲ್ಲೇ ಕಾಗದ ಸಿಕ್ಕಿಸಿ ನೋಡಿ, ಉಸಿರು ಬಿಟ್ಟ.

“ಅಯ್ಯೋ ತಂಗಿ. ಕೊನೇದನ್ನೇ ಇಟ್ಟುಕೊಂಡಿದೀನಿ. ಕೊನೇದು ಇದು.”

“ಯಾರೂ ನೋಡ್ಲಿಲ್ವಾ ಅಣ್ಣ?”

“ಎಲ್ಲಾ ನೋಡಿದ್ರು. ಆದ್ರೆ ಪರೀಕ್ಷೆ ಮಾಡೋ ಹುಡುಗರ ಹತ್ರ ಇದ್ದದ್ದೆಲ್ಲ ಹೊಸ ಪ್ರಿಂಟರು. ಕಾಗದ ಕಚ್ಚಲೇ ಇಲ್ಲ.”

“ಅಂಗಡಿ ಪೆಟ್ಟಿಗೇಲಿ…”

“ಅದೇ ಇದು, ಇದೇ ಅದು. ಕಾರ್ಖಾನೆಗೆ ಹೋದ ಮೇಲೆ ಒಂದು ಚುಕ್ಕಿ ಕೂಡ ಬದಲಾಗಲ್ಲ. ಎಲ್ಲರೂ ನನ್ನ ಕೇಳ್ತಾರೆ, ಅಂಗಡಿಗೆ ಬರೋ ಹೊತ್ತಿಗೆ ಒಳಗೊಳಗೇ ಏನಾದ್ರೂ ತಿದ್ದಿರ್ತೀರಾ ಅಂತ. ಇಲ್ಲಮ್ಮ. ಅಚ್ಚಾಗಿ ಪೆಟ್ಟಿಗೆ ಸೇರಿ ಗೋದಾಮಿನಲ್ಲಿ ಕೂತಾಗಿದೆ.”

ಅವಳ ಕಣ್ಣ ಮುಂದೆ ಗೋದಾಮು ಬಂತು. ಮಬ್ಬುಗತ್ತಲು, ಸೂರಿನವರೆಗೆ ಪೆಟ್ಟಿಗೆಗಳು, ಪ್ರತಿಯೊಂದರೊಳಗೂ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ಒಬ್ಬೊಬ್ಬ ಅವಳು. ಯಾರಿಗೂ ಇನ್ನೂ ಹೆರಿಗೆಯಾಗಿಲ್ಲ. ಎಲ್ಲರೂ ಒಟ್ಟಿಗೆ, ಮೆತ್ತಗೆ, ತಡಿ ಮರಿ ಅನ್ನುತ್ತಿದ್ದಾರೆ.

“ತಂಗಿ, ಇದ್ದೀಯಾ? ಒಂದು ದಾರಿ ಇದೆ ಕೇಳು. ಕೊಂಡೋರು ಕಂಪ್ಯೂಟರಿಗೆ ಫೋನ್ ವೈರು ಜೋಡಿಸಿದ್ರೆ, ನಾವು ತಿದ್ದಿದ್ದನ್ನ ಅದು ಇಂಟರ್ನೆಟ್ಟಿಂದ ಎಳೆದುಕೊಳ್ಳುತ್ತೆ. ನೀನು ಬಂದು ಆ ಒಂದು ವಾಕ್ಯ ಸರಿಯಾಗಿ ಹೇಳು. ಕಳಿಸೋಣ.”

ಮರುದಿನವೇ ಹೋದಳು. ಮಗುವನ್ನು ಎತ್ತಿಕೊಂಡು ಅತ್ತೆಯೂ ಬಂದರು. ಹೊರಗಿನ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತರು. ಕೋಣೆ ಹಾಗೇ ಇತ್ತು. ಮೈಕಿನ ಕಂಬ ಮಾತ್ರ ದೂರ ನಿಂತಿತ್ತು, ಇಲ್ಲದ ಹೊಟ್ಟೆಗೆ ಇನ್ನೂ ಜಾಗ ಬಿಟ್ಟುಕೊಂಡು. ಅವಳು ಅದನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ಮೆಲ್ಲಗೆ ಎಳೆದು ತೆಗೆಯಿರಿ.”

ಕತ್ತರಿಯಣ್ಣ ಇದರ ಹಿಂದೆ ಮುಂದೆ ಹಳೆಯ ವಾಕ್ಯಗಳನ್ನು ಜೋಡಿಸಿ ಕೇಳಿಸಿದ. ನಡುವಿನದು ಬೇರೆಯವರ ಮನೆಯ ಕುರ್ಚಿಯ ಹಾಗೆ ಕಂಡಿತು. ದನಿ ದಪ್ಪಗಾಗಿತ್ತು, ಅಂಚು ಸವೆದಿತ್ತು. ಮತ್ತೆ ಹೇಳಿದಳು. ನೀರು ಕುಡಿದು ಹೇಳಿದಳು. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಗೆ ದಿಂಬು ಅವುಚಿಕೊಂಡು ಹೇಳಿದಳು. ದಿಂಬು ಇಟ್ಟುಕೊಳ್ಳಲು ಹೇಳಿದ್ದು ಅತ್ತೆ, ಬಾಗಿಲು ಸರಿಸಿ ತಲೆ ಹಾಕಿ. ಪಡಸಾಲೆಯಲ್ಲಿ ಮಗು ಅತ್ತರೆ ಮಾತಿನ ಕೊನೆಯಲ್ಲಿ ದನಿ ಅತ್ತ ಓಡಿಬಿಡುತ್ತಿತ್ತು.

“ನಾನೇ ಅಲ್ವಾ ಅಣ್ಣ ಅದು? ನಂದೇ ಗಂಟಲು. ಯಾಕೆ ಹೊಂದಲ್ಲ?”

“ಸುಸ್ತಾಗಿದೆ ತಂಗಿ ನಿಂಗೆ. ನಿದ್ದೆ ಮಾಡು. ಇನ್ನೊಂದ್ಸಲ ನೋಡೋಣ.”

“ಅಷ್ಟರಲ್ಲಿ ಅಂಗಡಿಗೆ ಬಂದುಬಿಡುತ್ತೆ.”

“ಬರ್ಲಿ. ಬಂದ ಮೇಲೂ ತಿದ್ದಬಹುದು.”

ಬಂದೇ ಬಿಟ್ಟಿತು. ಅವಳ ಬೀದಿಯ ತಿರುವಿನ ಕಂಪ್ಯೂಟರ್ ಅಂಗಡಿಯ ಗಾಜಿನ ಹಿಂದೆ ಒಂದು ಬೆಳಗ್ಗೆ ಪೆಟ್ಟಿಗೆಗಳ ಗೋಪುರ ಎದ್ದಿತ್ತು. ನೀಲಿ ಬಣ್ಣ, ಮೇಲೆ ಆಕಾಶದ ಚಿತ್ರ. ಅವಳು ಮಗುವನ್ನು ಎದೆಗೆ ಕಟ್ಟಿಕೊಂಡು, ಆ ಗಾಜಿನ ಮುಂದೆ ಅತ್ತಿಂದಿತ್ತ ನಡೆದಳು. ನಿದ್ದೆಯಿಲ್ಲದ ಕಣ್ಣಿಗೆ ಆಕಾಶದ ಚಿತ್ರಗಳು ಒಂದರಿಂದೊಂದಕ್ಕೆ ಹರಿದಾಡುವ ಹಾಗೆ ಕಾಣುತ್ತಿದ್ದವು. ಕತ್ತರಿಯಣ್ಣ ಹೇಳಿದ್ದನ್ನು ನಂಬಬಹುದಾಗಿತ್ತು. ಆದರೆ ಚಿಲಕವನ್ನು ಸ್ವತಃ ಮುಟ್ಟದೆ ನಂಬಿದ ಜೀವವಲ್ಲ ಅದು. ಒಳಗೆ ಹೋದಳು.

ಅಂಗಡಿಯವನು ಮೇಜಿನ ಮೇಲಿನ ಕಂಪ್ಯೂಟರಿಗೆ ಪೆಟ್ಟಿಗೆಯ ಡಿಸ್ಕನ್ನು ಆಗ ತಾನೇ ಹಾಕಿ ಮುಗಿಸಿದ್ದ. ಅದರ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಕನ್ನಡಕ ಶೀಶೆಯ ತಳದಷ್ಟು ದಪ್ಪ. ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು ಅಂತ ಅವರ ಮಾತಿನಿಂದಲೇ ತಿಳಿಯಿತು.

“ಕಣ್ಣು ಕೈ ಕೊಟ್ಟಿದೆ ಕಣಪ್ಪ, ಕೈ ಮಾತ್ರ ಕೈ ಕೊಟ್ಟಿಲ್ಲ,” ಅನ್ನುತ್ತ ಅವರು ಕೀಲಿಮಣೆಯ ಮೇಲೆ ಬೆರಳು ಓಡಿಸಿದರು. ನೋಡುತ್ತಿರಲಿಲ್ಲ, ತಲೆ ಮೇಲೆತ್ತಿ, ಯಾರದೋ ಹಾಡು ಕೇಳುವವರ ಹಾಗೆ. ಕಂಪ್ಯೂಟರು ಅವರು ಬರೆದದ್ದನ್ನು ಓದಿ ಹೇಳಿತು. ತಪ್ಪು ಬಂದಲ್ಲಿ ಅವರು ತಿದ್ದಿದರು.

“ಈ ಹುಡುಗಿ ನನ್ನ ಹಳೇ ಮೇನೇಜರಿಗಿಂತ ಚೆನ್ನಾಗಿ ಓದ್ತಾಳೆ. ಅವನು ಓದಿದ್ರೆ ಕೆಮ್ಮೂ ಸೇರಿಸಿ ಟೈಪ್ ಮಾಡ್ಬೇಕಾಗ್ತಿತ್ತು.”

ಅಂಗಡಿಯವನು ನಕ್ಕು, “ಪ್ರಿಂಟ್ ತೆಗೆದು ತೋರಿಸ್ತೀನಿ ಅಮ್ಮ,” ಅಂತ ಗುಂಡಿ ಒತ್ತಿ, ಬೇರೆ ಗಿರಾಕಿಯ ಕಡೆ ತಿರುಗಿದ. ಪ್ರಿಂಟರು ಗಾಬರಿಯ ಮೊಣಕೈಯ ಪಕ್ಕದಲ್ಲೇ ಇತ್ತು. ಕಾಗದ ಒಳಗೆ ಸರಿಯತೊಡಗಿತು. ಅವಳ ಕೈ ಅವಳನ್ನು ಕೇಳಲಿಲ್ಲ. ಕಾಗದದ ಒಂದು ಮೂಲೆಯನ್ನು ಎರಡು ಬೆರಳಿನಿಂದ ಹಿಡಿದು ತುಸು ಸೊಟ್ಟಗೆ ಎಳೆದಳು. ಪ್ರಿಂಟರು ಹಲ್ಲು ಕಡಿದು ನಿಂತಿತು.

“ತಡಿ ಮರಿ, ಬಂದುಬಿಟ್ಟೆ,” ಅಂದಿತು ಕಂಪ್ಯೂಟರು.

ಎದೆಯ ಮೇಲಿನ ಮಗು ಮುಖ ತಿರುಗಿಸಿತು. ಅಂಗಡಿಯವನೂ ತಿರುಗಿದ. ಗಾಬರಿ ಕಾಗದ ಬಿಟ್ಟು ಕೈಯನ್ನು ಮಗುವಿನ ಬೆನ್ನ ಹಿಂದೆ ಬಚ್ಚಿಟ್ಟಳು. ಹಾಗಾದರೆ ಒಂದೇ. ಬಿಳಿ ಲಕೋಟೆಯಲ್ಲಿದ್ದದ್ದೂ ನೀಲಿ ಪೆಟ್ಟಿಗೆಯಲ್ಲಿದ್ದದ್ದೂ ಒಂದೇ, ಚುಕ್ಕಿ ಬಿಡದ ಹಾಗೆ. ಕಿವಿಯೆಲ್ಲ ಕೆಂಪಾಗಿ ಅವಳು ನಗುವಿಗಾಗಿ ಕಾದಳು.

ಟೈಪಿಸ್ಟಮ್ಮನ ಬೆರಳುಗಳು ಕೀಲಿಮಣೆಯ ಮೇಲೆ ನಿಂತಿದ್ದವು.

“ಏನಂತು ಅದು?”

“ಏನೋ ಎಡವಟ್ಟು ಅಮ್ಮ,” ಅಂದ ಅಂಗಡಿಯವನು. “ಕಾಗದ ಕಚ್ಚಿದೆ, ತೆಗೀತೀನಿ.”

“ಅದಲ್ಲ. ಮರಿ ಅಂತಲ್ವಾ ಅಂದದ್ದು?”

“ಹೂಂ, ಹಂಗೇ ಕೇಳಿಸ್ತು.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಕೊಳೆಯಾಗಿರಲಿಲ್ಲ. “ನನ್ನನ್ನ ಮರಿ ಅಂತಿದ್ದೋರು ಯಾರೂ ಉಳಿದಿಲ್ಲ ಕಣಪ್ಪ,” ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆಫೀಸಿನ ದನಿಯಲ್ಲಿ: “ಸರಿ. ಇನ್ನೊಂದ್ಸಲ ಕಚ್ಚಿಸು ನೋಡೋಣ.”

ಅಂಗಡಿಯವನು ಗಾಬರಿಯ ಮುಖ ನೋಡಿದ, ಗಾಬರಿ ಮಗುವಿನ ತಲೆ ನೋಡಿದಳು. ಅವನು ಕಾಗದ ಸೊಟ್ಟಗೆ ಹಾಕಿದ. ತಡಿ ಮರಿ, ಬಂದುಬಿಟ್ಟೆ. ಟೈಪಿಸ್ಟಮ್ಮ ಕೇಳಿದರು, ಹಾಡಿನ ಒಂದು ಸಾಲನ್ನು ಮತ್ತೆ ಹಾಡಿಸಿಕೊಂಡವರ ಹಾಗೆ ತಲೆದೂಗಿದರು.

“ಇದು ಎಲ್ಲಾ ಪೆಟ್ಟಿಗೇಲೂ ಇದ್ಯಾ, ಇಲ್ಲಾ ನಿನ್ನ ಅಂಗಡೀಲಿ ಮಾತ್ರಾನಾ? ತೋರಿಸೋದೊಂದು ಕೊಡೋದೊಂದು ಆಗ್ಬಾರದು.”

“ಎಲ್ಲಾದ್ರಲ್ಲೂ ಒಂದೇ ಅಮ್ಮ. ಫೋನ್ ವೈರು ಜೋಡಿಸಿದ್ರೆ ಇಂಥ ತಪ್ಪೆಲ್ಲ ಸರಿಹೋಗುತ್ತೆ, ಅವರೇ ತಿದ್ದಿ ಕಳಿಸ್ತಾರೆ. ನಾನೇ ಮನೆಗೆ ಬಂದು ಜೋಡಿಸಿಕೊಡ್ತೀನಿ.”

“ಜೋಡಿಸ್ಬೇಡ.”

“ಅಲ್ಲ ಅಮ್ಮ, ಜೋಡಿಸಿದ್ರೆ ಬೇರೆ ಎಷ್ಟೊಂದು…”

“ಬೇಡ ಅಂದ್ನಲ್ಲ. ನನಗೆ ಫೋನಿನಲ್ಲಿ ಮಾತಾಡೋಕೆ ಫೋನಿದೆ. ಇದು ಹಿಂಗೇ ಇರ್ಲಿ.” ಅವರು ಪಕ್ಕದಲ್ಲಿ ನಿಂತ ನೆರಳಿನ ಕಡೆ ತಿರುಗಿ, ಅಲ್ಲೊಂದು ಮಗುವಿದೆ ಅಂತ ವಾಸನೆಯಿಂದಲೇ ತಿಳಿದವರ ಹಾಗೆ ಬೆರಳು ಚಾಚಿದರು. ಮಗು ಹಿಡಿಯಿತು. “ನೋಡು, ಎಷ್ಟು ಗಟ್ಟಿ ಹಿಡೀತಾಳೆ. ಟೈಪಿಂಗಿಗೆ ಸೇರಿಸು ಇವಳನ್ನ.”

ಗಾಬರಿಗೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ದನಿ ಕೇಳಿದರೆ ಗುರುತು ಸಿಕ್ಕೀತು ಅಂತ ಒಂದು ಭಯ. ದನಿ ಕೇಳಿಯೂ ಗುರುತು ಸಿಗದಿದ್ದರೆ ಅಂತ ಅದಕ್ಕಿಂತ ದೊಡ್ಡದು. ಸುಮ್ಮನೆ ನಕ್ಕು, ನಕ್ಕದ್ದು ಅವರಿಗೆ ಕಾಣದು ಅಂತ ನೆನಪಾಗಿ, ಮಗುವಿನ ಕೈಯಿಂದಲೇ ಅವರ ಬೆರಳನ್ನು ಮೆಲ್ಲಗೆ ಅಲ್ಲಾಡಿಸಿ ಹೊರಗೆ ಬಂದಳು.

ಬೀದಿಯಲ್ಲಿ ಬಿಸಿಲು ಹಳದಿಯಾಗಿತ್ತು. ಅವಳು ಮನೆಗೆ ಹೋಗುವ ದಾರಿ ಬಿಟ್ಟು ಉದ್ದದ ದಾರಿ ಹಿಡಿದಳು. ಯಾವ ಕಿಟಕಿಯ ಹಿಂದೆ ಯಾರು ಪ್ರಿಂಟರಿನ ಮುಂದೆ ಕೂತಿದ್ದಾರೋ. ಯಾವ ಆಫೀಸಿನಲ್ಲಿ, ಮೇಲಿನವರ ಬೈಗುಳ ತಿಂದು ಮುಖ ಊದಿಸಿಕೊಂಡ ಗುಮಾಸ್ತನಿಗೆ ಕಾಗದ ಕಚ್ಚಿತೋ. ಮಾತು ಹಂಚಿಹೋದರೆ ಸವೆಯುತ್ತದೆ ಅಂದುಕೊಂಡಿದ್ದಳು. ಟೈಪಿಸ್ಟಮ್ಮ ಮತ್ತೆ ಕೇಳಿಸು ಅಂದಾಗ ಅದು ಸವೆದ ಹಾಗೆ ಕೇಳಿಸಿರಲಿಲ್ಲ. ಎದೆಯ ಮೇಲಿನ ಮಗು ನಿದ್ದೆ ಹೋಗಿತ್ತು. ನಡೆಯುತ್ತ ಅವಳಿಗೂ ಅರೆನಿದ್ದೆ. ಕಾಲು ಮಾತ್ರ ಎಚ್ಚರ. ಬೀದಿ ತನ್ನಷ್ಟಕ್ಕೆ ಹಿಂದಕ್ಕೆ ಹರಿಯುತ್ತಿತ್ತು.

ಆದರೂ ಮತ್ತೆ ಕತ್ತರಿಯಣ್ಣನ ಕೋಣೆಗೆ ಹೋದಳು. ಅತ್ತೆಗೆ ಇದು ಅರ್ಥವಾಗಲಿಲ್ಲ.

“ಅಷ್ಟು ಹೊಗಳಿದ್ಲಂತೆ ಆಯಮ್ಮ. ಮತ್ಯಾಕೆ ಅಳಿಸೋದು?”

“ಆಯಮ್ಮಂಗೆ ಕಾಗದ ಕಚ್ಚಿದೆ ಅಂತ ಹೇಳೋಕೆ ಅಂಗಡಿಯವನು ಪಕ್ಕದಲ್ಲಿದ್ದ ಅತ್ತೆ. ಒಬ್ಬರೇ ಇರೋರಿಗೆ? ಕಣ್ಣು ಕಾಣಲ್ಲ, ಯಂತ್ರ ನಿಂತಿದೆ, ತಡಿ ಮರಿ ಅಂತಿದೆ. ಎಷ್ಟು ಹೊತ್ತು ತಡೀತಾರೆ? ಯಾರೂ ಬರಲ್ಲ ಅಲ್ವಾ.”

“ಅದೂ ನಿಜ,” ಅಂದರು ಅತ್ತೆ. “ನಿಮ್ಮ ಮಾವ ಹಂಗೇ, ಬಂದೆ ಬಂದೆ ಅಂತ ಸಂಜೆ ಮಾಡ್ತಿದ್ರು.”

ಕತ್ತರಿಯಣ್ಣ ಕೂಡ ಕೇಳಿದ. “ನಿನ್ನ ಹೊರತು ದೂರು ಹೇಳಿದೋರು ಯಾರೂ ಇಲ್ಲ ತಂಗಿ. ಬಿಟ್ಟುಬಿಡೋಣ ಅಂದ್ರೆ ಬಿಟ್ಟುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಇಲ್ಲ ಅಣ್ಣ. ಹೇಳ್ಬೇಕಾದ್ದು ಹೇಳ್ಬೇಕು.”

ಕೂತಳು. ಈ ಸಲ ದಿಂಬು ಬೇಡ ಅಂದಳು. ಪಡಸಾಲೆಯಲ್ಲಿ ಮಗು ಏನೋ ಕೂಗುತ್ತಿತ್ತು, ಅಳುವಲ್ಲ, ಬರೀ ಕೂಗು. ಅವಳು ಅದನ್ನು ಕೇಳಿಸಿಕೊಂಡಳು, ಅದು ಮುಗಿಯುವವರೆಗೆ ಕಾದಳು. ಹಳೆಯ ದನಿಯನ್ನು ಹುಡುಕಲಿಲ್ಲ. ಒಬ್ಬರೇ ಕೂತ ಯಾರಿಗೋ, ಹೆದರಬೇಡಿ ಅನ್ನುವ ಹಾಗೆ, ಹೇಳಿದಳು: “ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ಮೆಲ್ಲಗೆ ಎಳೆದು ತೆಗೆಯಿರಿ.” ಹೇಳಿ ಬಾಯಿ ಮುಚ್ಚಿದಳು.

ಕತ್ತರಿಯಣ್ಣ ಹಿಂದೆ ಮುಂದೆ ಜೋಡಿಸಿ ಕೇಳಿದ. ಮತ್ತೊಮ್ಮೆ ಕೇಳಿದ.

“ಹೊಂದಲ್ಲ,” ಅಂದ. “ಸುತ್ತಲಿನ ದನಿಯವಳಿಗಿಂತ ಇವಳು ದೊಡ್ಡೋಳು.”

“ಹೌದಲ್ವಾ ಅಣ್ಣ.”

“ಆದ್ರೆ ಕೇಳ್ತಾ ಇದ್ರೆ ಕಾಗದ ಎಳೆದು ತೆಗೀಬೇಕು ಅನ್ಸುತ್ತೆ.” ಒಂದು ಗಳಿಗೆ ಅವಳ ಮುಖ ನೋಡಿದ. “ಕಳಿಸ್ತೀನಿ. ಜೋಡಿಸಿದೋರಿಗೆ ಇದು ಹೋಗುತ್ತೆ. ಜೋಡಿಸದೋರ ಹತ್ರ ಇರೋದನ್ನ ಮಾತ್ರ ನಾವು ಮುಟ್ಟೋಕಾಗಲ್ಲ, ತಿಳೀತಾ? ಅದು ಇದ್ದ ಹಾಗೇ ಇರುತ್ತೆ.”

“ಇರಲಿ ಬಿಡಿ,” ಅಂದಳು ಅವಳು, ಅಷ್ಟು ಹಗುರಾಗಿ ಅಂದದ್ದಕ್ಕೆ ತಾನೇ ಬೆರಗಾಗಿ.

ಹೊರಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಮಗುವನ್ನು ತೊಡೆಯಿಂದ ತೊಡೆಗೆ ಬದಲಾಯಿಸುತ್ತಿದ್ದರು.

“ಸಿಕ್ತಾ ನಿನ್ನ ಮಾತು ವಾಪಸ್ಸು?”

“ಇಲ್ಲ ಅತ್ತೆ. ಕೊಟ್ಟುಬಿಟ್ಟೆ.”

“ಒಳ್ಳೇದಾಯ್ತು. ಈಗ ಇವಳನ್ನ ಹಿಡ್ಕೋ, ನನ್ನ ಕೈ ಬಿದ್ದುಹೋಯ್ತು.”

ಅವಳು ಮಗುವನ್ನು ತೆಗೆದುಕೊಂಡಳು. ಮಗು ಅವಳ ಮುಖವನ್ನು ಸುಮ್ಮನೆ ನೋಡಿತು, ಮಾತಾಡುತ್ತಾಳೇನೋ ಅಂತ ಕಾಯುವ ಹಾಗೆ. ಅವಳು ತನ್ನ ಈಗಿನ, ದಪ್ಪಗಾದ, ನಿದ್ದೆಗೆಟ್ಟ ದನಿಯಲ್ಲಿ, ಅದಕ್ಕೆ ಈವತ್ತಿನ ಕಥೆಯನ್ನೆಲ್ಲ ಮೊದಲಿನಿಂದ ಹೇಳುತ್ತ ಮೆಟ್ಟಿಲಿಳಿದಳು.